ಚಾಯ್ ಚೆಲ್ಲಿದ ಕೀಬೋರ್ಡಿಗೆ ಏನು ಹಾಕಬೇಕು? ಊಹಿಸಿ ನೋಡೋಣ!

ಮೊದಲು ಒಂದು ಸವಾಲು. ಕೀಬೋರ್ಡಿನಲ್ಲಿ ಒಂದೇ ಒಂದು ಕೀ ಕೈಕೊಟ್ಟಿದೆ. ಅಷ್ಟಕ್ಕೇ ಕನ್ನಡ ಬರೆಯುವವರ ಕೈ ಕಟ್ಟಿಹೋಗಿದೆ. ಯಾವ ಕೀ ಅದು?

ಸ್ಪೇಸ್ ಬಾರ್ ಅಂದಿರಾ? ಅಲ್ಲ. ಎಂಟರ್? ಅಲ್ಲವೇ ಅಲ್ಲ. ಇನ್ನೊಂದು ಅವಕಾಶ ಕೊಡಲೇ?

ಎಫ್!

ಹೌದು, ಇಂಗ್ಲಿಷ್ ಬರಹದಲ್ಲಿ ನೂರು ಅಕ್ಷರಕ್ಕೆ ಸುಮಾರು ಎರಡು ಸಲ ಬಂದು ಹೋಗುವ ಅದೇ ಎಫ್! ಕೆ.ಪಿ. ರಾವ್ ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿಕೊಂಡ, ‘ನುಡಿ’ ತಂತ್ರಾಂಶದಲ್ಲಿ ನಾವೆಲ್ಲ ಕುಟ್ಟುವ ವಿನ್ಯಾಸದಲ್ಲಿ ಒತ್ತಕ್ಷರಗಳ ಭಾರವೆಲ್ಲ ಆ ಒಂದೇ ಕೀ ಮೇಲೆ. ಕೆ, ಎಫ್, ಕೆ ಒತ್ತಿದರೆ ‘ಕ್ಕ’. ಎಫ್ ಅಂಟಿಕೊಂಡಿತೋ, ‘ಅಕ್ಕ’ ಹೋಗಿ ‘ಅಕಕ’! ‘ಅಮ್ಮ’ ಹೋಗಿ ‘ಅಮಮ’! ‘ಕನ್ನಡ’ ಹೋಗಿ ‘ಕನನಡ’!

ಇಷ್ಟಕ್ಕೆಲ್ಲ ಕಾರಣ ಎಷ್ಟು ದೊಡ್ಡದಿರಬೇಕು? ಒಂದು ಹನಿ ಚಾಯ್. ಸಾಕು!

ಆ ಒಂದು ಹನಿಯ ಬೆನ್ನು ಹತ್ತಿ ಹೊರಟರೆ ಸಿಗುವುದೇನು ಗೊತ್ತೇ? ಗಾಜು ಸಿಗುತ್ತದೆ. ಬೆಳ್ಳಿ ಸಿಗುತ್ತದೆ. ಎರಡನೇ ಮಹಾಯುದ್ಧದ ವಿಮಾನ ಸಿಗುತ್ತದೆ. ಕೊನೆಗೆ ನಮ್ಮ ಗೋರಿಕಾಯಿಯೂ ಸಿಗುತ್ತದೆ! ನಂಬಿಕೆ ಬರಲಿಲ್ಲವೇ? ಬನ್ನಿ.

ಹನಿಯೊಳಗಿನ ಮೂವರು

ಹೈದರಾಬಾದಿನಿಂದಲೇ ಶುರುಮಾಡೋಣ. ಕೀಬೋರ್ಡೂ ಚಾಯೂ ಇಷ್ಟು ಒತ್ತೊತ್ತಾಗಿ ಬಾಳುವ ಊರು ಬೇರೆ ಬೇಕೇ! 1998ರ ನವೆಂಬರ್ 22ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಇಲ್ಲಿನ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಉದ್ಘಾಟಿಸಿದರು. ಮೈಕ್ರೋಸಾಫ್ಟ್ ತನ್ನ ಅಭಿವೃದ್ಧಿ ಕೇಂದ್ರವನ್ನು ಈ ಊರಿನಲ್ಲಿ ತೆರೆದದ್ದೂ ಅದೇ ವರ್ಷ. ಅಂದಿನಿಂದ ಹೈಟೆಕ್ ಸಿಟಿಯಲ್ಲಿ ಬೆರಳುಗಳಿಗೆ ಬಿಡುವಿಲ್ಲ. ಅದಕ್ಕೂ ಎಷ್ಟೋ ಮೊದಲಿನಿಂದ ಇರಾನಿ ಹೋಟೆಲುಗಳ ಒಲೆಗೂ ಬಿಡುವಿಲ್ಲ!

ನಮ್ಮವರೂ ಇಲ್ಲಿ ಕಡಿಮೆಯಿಲ್ಲ. ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ! ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಕನ್ನಡ ಕುಟ್ಟುವ ಬೆರಳುಗಳಿಗೂ ಇಲ್ಲಿ ಚಾಯ್ ಕೈಗೆಟಕುವಷ್ಟೇ ದೂರ.

ಇರಾನಿ ಚಾಯ್ ಸಾಮಾನ್ಯದ್ದಲ್ಲ. ಒಂದು ಒಲೆಯ ಮೇಲೆ ಮುಚ್ಚಿದ ಪಾತ್ರೆಯಲ್ಲಿ ಡಿಕಾಕ್ಷನ್ ದಮ್ ಆಗುತ್ತಿರುತ್ತದೆ. ಇನ್ನೊಂದರ ಮೇಲೆ ಹಾಲು ಕುದಿದು ಕುದಿದು ಗಟ್ಟಿಯಾಗುತ್ತಿರುತ್ತದೆ. ಕೆಲವರು ಖೋವಾ ಕೂಡ ಬೆರೆಸುತ್ತಾರೆ! ಸಕ್ಕರೆ? ‘ಖಡೇ ಚಮ್ಚೆ ಕೀ ಚಾಯ್’ ಎಂಬ ಮಾತೇ ಇದೆ. ಚಮಚ ನೆಟ್ಟಗೆ ನಿಲ್ಲುವಷ್ಟು!

ಈಗ ಊಹಿಸಿ. ಕೀಯನ್ನು ಅಂಟಿಸುವುದು ಇದರಲ್ಲಿ ಯಾವುದು? ಚಹಾಪುಡಿಯ ಸಾರವೇ?

ಅದರ ಪಾಲು ತೀರಾ ಕಡಿಮೆ. ನಿಜವಾದ ಅಪರಾಧಿಗಳು ಮೂವರು. ಸಕ್ಕರೆ, ಕೊಬ್ಬು, ಹಾಲಿನ ಪ್ರೋಟೀನು.

ಆ ಪ್ರೋಟೀನಿನಲ್ಲಿ ಹೆಚ್ಚಿನದರ ಹೆಸರು ಕೇಸೀನ್. ಇದರ ಚರಿತ್ರೆ ಕೇಳಿದರೆ ಎದ್ದು ಕೂರುತ್ತೀರಿ! ಕೇಸೀನಿನಿಂದ ಮರ ಅಂಟಿಸುವ ಗೋಂದು ತಯಾರಾಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಹಾರಿಸಿದ ‘ಮಾಸ್ಕಿಟೋ’ ಎಂಬ ಮರದ ಯುದ್ಧವಿಮಾನವಿತ್ತಲ್ಲ, ಅದರ ಮೊದಮೊದಲ ವಿಮಾನಗಳ ಹಲಗೆಗಳನ್ನು ಹಿಡಿದಿಟ್ಟದ್ದು ಕೇಸೀನ್ ಗೋಂದೇ! ವಿಮಾನದ ರೆಕ್ಕೆ ಹಿಡಿದಿಟ್ಟ ಪದಾರ್ಥಕ್ಕೆ ನಿಮ್ಮ ಎಫ್ ಕೀ ಯಾವ ಲೆಕ್ಕ!

ಇನ್ನೂ ಇದೆ. ತೇವದ ಉಷ್ಣವಲಯದಲ್ಲಿ ಆ ಗೋಂದು ತಡೆಯಲಾರದೆ ಹೋಯಿತು. ಕೊನೆಗೆ ರಾಸಾಯನಿಕ ಗೋಂದಿಗೆ ಬದಲಾಯಿಸಬೇಕಾಯಿತು. ತೇವ ಅದನ್ನು ಸೋಲಿಸಿತು! ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

104 ಕೀ, ಎಷ್ಟು ತಂತಿ?

ಈಗ ಕೀಬೋರ್ಡಿನ ಒಳಗೆ ಇಳಿಯೋಣ. ಮೇಜಿನ ಮೇಲಿಡುವ ಸಾಧಾರಣ ಕೀಬೋರ್ಡ್. 104 ಕೀಗಳು. ಒಳಗೆ ಎಷ್ಟು ದಾರಿಗಳಲ್ಲಿ ವಿದ್ಯುತ್ ಹರಿಯಬೇಕು? ಊಹಿಸಿ.

104? 208?

26ರಷ್ಟಿದ್ದರೆ ಸಾಕು!

ಹೇಗೆ? ಅಡ್ಡಕ್ಕೆ 8 ಗೆರೆ, ಉದ್ದಕ್ಕೆ 18 ಗೆರೆ ಎಂದಿಟ್ಟುಕೊಳ್ಳಿ. ಗೆರೆಗಳು ಒಟ್ಟು 26. ಅವು ಒಂದನ್ನೊಂದು ದಾಟುವ ಜಾಗಗಳು 144! ಪ್ರತಿ ಕೀಗೂ ಒಂದೊಂದು ಜಾಗ. ಒಂದು ಪುಟ್ಟ ಚಿಪ್ ಗೆರೆಗಳನ್ನು ಒಂದಾದ ಮೇಲೊಂದರಂತೆ ಎಚ್ಚರಿಸುತ್ತ ‘ಯಾರಾದರೂ ಒತ್ತಿದರೇ?’ ಎಂದು ಕೇಳುತ್ತಲೇ ಇರುತ್ತದೆ. ಸೆಕೆಂಡಿಗೆ ನೂರಾರು ಸಲ! ನೀವು ಸುಮ್ಮನೆ ಕೂತು ಯೋಚಿಸುವಾಗಲೂ!

ಗೆರೆಗಳಿರುವುದು ತಂತಿಯಲ್ಲೂ ಅಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿಯಲ್ಲಿ ಮುದ್ರಿಸಿರುತ್ತಾರೆ. ಯಾವ ಶಾಯಿ? ಹೆಚ್ಚಾಗಿ ಬೆಳ್ಳಿಯ ಶಾಯಿ! ಹೌದು, ನಿಜವಾದ ಬೆಳ್ಳಿಯ ಕಣಗಳು! ನಿಮ್ಮ ಅಗ್ಗದ ಕೀಬೋರ್ಡಿನೊಳಗೂ ಬೆಳ್ಳಿಯ ಗೆರೆಗಳಿರಬಹುದು!

ಅಂಥ ಹಾಳೆಗಳು ಮೂರು. ಮೇಲಿನದರಲ್ಲಿ ಗೆರೆ. ಕೆಳಗಿನದರಲ್ಲಿ ಗೆರೆ. ನಡುವಿನದರಲ್ಲಿ ಬರೀ ತೂತುಗಳು. ಕೀ ಒತ್ತಿದಿರಿ, ರಬ್ಬರಿನ ಗುಮ್ಮಟ ಕುಸಿಯಿತು, ಮೇಲಿನ ಹಾಳೆ ತೂತಿನೊಳಗಿಂದ ಕೆಳಗಿನದನ್ನು ಮುಟ್ಟಿತು. ಅಕ್ಷರ ಮೂಡಿತು! ಕೈ ತೆಗೆದಿರಿ, ಗುಮ್ಮಟ ಮತ್ತೆ ಎದ್ದು ನಿಂತಿತು.

ಈ ಗುಟ್ಟು ಗೊತ್ತಾದರೆ ನೀವೇ ಅರ್ಧ ಮೆಕ್ಯಾನಿಕ್. ಒಂದೇ ಕೀ ಒತ್ತಿದರೆ ಮೇಲೇಳುತ್ತಿಲ್ಲವೇ? ಅದರ ಕೆಳಗೆ ಅಂಟು ಇದೆ. ನಾಲ್ಕೈದು ಕೀ ಒಟ್ಟಿಗೇ ಸತ್ತವೇ, ಒತ್ತಿದರೆ ಏಳುತ್ತವೆ ಆದರೆ ಅಕ್ಷರ ಬರುವುದಿಲ್ಲವೇ? ಆಗ ಒಂದು ಗೆರೆಯೇ ಕಡಿದಿರಬಹುದು! ಬಿಚ್ಚುವ ಮೊದಲೇ ರೋಗ ತಿಳಿಯಿತು!

ಮಳೆಗಾಲದಲ್ಲೇ ಯಾಕೆ ಹೆಚ್ಚು ಅಂಟುತ್ತದೆ?

ಒಂದು ವಿಚಿತ್ರ. ಏಪ್ರಿಲ್ಲಿನ ಒಣ ಬಿಸಿಲಿನಲ್ಲಿ ‘ಟಕ್’ ಎಂದು ಗಡುಸಾಗಿ ಸದ್ದು ಮಾಡುವ ಕೀ, ಜುಲೈ ಬಂದರೆ ಮೆತ್ತಗೆ ಹಿಡಿದುಕೊಳ್ಳಬಹುದು. ಅದೇ ಕೀ. ಅದೇ ಹಳೇ ಚಾಯ್. ಯಾಕೆ?

ಸಕ್ಕರೆ ಅಲ್ಲಿ ಗಾಜಾಗಿದೆ!

ಅಲಂಕಾರದ ಮಾತಲ್ಲ ಇದು. ಹಾಲು, ಕೊಬ್ಬು ಬೆರೆತ ಸಿಹಿನೀರು ಬೇಗ ಒಣಗಿದಾಗ ಸಕ್ಕರೆಗೆ ಹರಳುಗಟ್ಟಲು ಪುರುಸೊತ್ತು ಸಿಗುವುದಿಲ್ಲ. ಅಣುಗಳು ಎಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ. ವಿಜ್ಞಾನಿಗಳು ಈ ಸ್ಥಿತಿಯನ್ನು ಗಾಜು ಎಂದೇ ಕರೆಯುತ್ತಾರೆ. ಪೂರ್ತಿ ಒಣಗಿದ್ದರೆ ಸಕ್ಕರೆಯ ಗಾಜು ಮೆದುವಾಗಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅದು ಗಾಳಿಯಿಂದ ಕೆಲವೇ ಶೇಕಡ ತೇವ ಹೀರಿತೋ, ಕೋಣೆಯ ಉಷ್ಣತೆಯಲ್ಲೇ ಮೆತ್ತಗಾಗುತ್ತದೆ! ಹಬ್ಬದ ಅಡುಗೆಯಲ್ಲಿ ಪಾಕ ಎಳೆಯಾಗುವುದಕ್ಕೂ ಉಂಡೆಯಾಗುವುದಕ್ಕೂ ನಡುವೆ ಇರುವುದು ಚೂರು ನೀರಿನ ವ್ಯತ್ಯಾಸ ತಾನೇ? ಎಫ್ ಕೀ ಕೆಳಗೆ ನಡೆಯುವುದೂ ಅದೇ, ಒಲೆಯಿಲ್ಲದೆ! ಮಳೆಗಾಲದ ಗಾಳಿಯೇ ಅಲ್ಲಿ ಪಾಕ ಇಳಿಸುತ್ತದೆ.

ಈಗ ಹೇಳಿ, ಯಾವುದರಿಂದ ಒರೆಸುತ್ತೀರಿ?

ಇದೇ ದೊಡ್ಡ ಪ್ರಶ್ನೆ! ತಾಳ್ಮೆಯಿಂದ ಯೋಚಿಸಿ. ನಿಮ್ಮ ಮುಂದೆ ಮೂರು ಬಾಟಲಿಗಳಿವೆ.

ಒಂದು, ಕೈಗೆ ಹಚ್ಚುವ ಸ್ಯಾನಿಟೈಸರ್. ಎರಡು, ಮೊಬೈಲ್ ರಿಪೇರಿಯವರು ಐಪಿಎ ಎನ್ನುವ ಐಸೊಪ್ರೊಪೈಲ್ ಆಲ್ಕೊಹಾಲ್. ಮೂರು, ನೀರು.

ಸ್ಯಾನಿಟೈಸರ್ ಎತ್ತಿಕೊಂಡಿರಾ? ಇಟ್ಟುಬಿಡಿ! ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಆಲ್ಕೊಹಾಲಿನ ಜೊತೆ 1.45% ಗ್ಲಿಸರಿನ್ ಇರುತ್ತದೆ. ಕೈ ಒಣಗಿ ಬಿರುಕು ಬಿಡದಿರಲಿ ಎಂದು. ಆಲ್ಕೊಹಾಲ್ ಹಾರಿಹೋಗುತ್ತದೆ, ಗ್ಲಿಸರಿನ್ ಹಾರುವುದಿಲ್ಲ! ಕೀ ಕೆಳಗೇ ಕೂತು ಗಾಳಿಯ ತೇವ ಹೀರುತ್ತ ಅಂಟಂಟಾಗುತ್ತದೆ. ಅಂಟು ತೆಗೆಯಲು ಹೋಗಿ ಅಂಟನ್ನೇ ಸವರಿದಂತಾಯಿತು!

ಹಾಗಾದರೆ ಐಪಿಎ. ಎಲ್ಲರೂ ಹೇಳುವುದು ಅದನ್ನೇ. ಬೇಗ ಆರುತ್ತದೆ, ಜಿಡ್ಡು ತೆಗೆಯುತ್ತದೆ, ವಿದ್ಯುತ್ ಭಾಗಗಳಿಗೆ ಒಗ್ಗುತ್ತದೆ. ಎಲ್ಲ ಸರಿ. ಎಲ್ಲವೂ ಸರಿ!

ಆದರೆ ಶುದ್ಧ ಐಪಿಎಯಲ್ಲಿ ಸಕ್ಕರೆ ಕರಗುವುದೇ ಇಲ್ಲ!

ಹೌದು, ಇನ್ನೊಮ್ಮೆ ಓದಿ. ಒಂದು ಲೋಟ ಶುದ್ಧ ಐಪಿಎಗೆ ಒಂದು ಚಮಚ ಸಕ್ಕರೆ ಹಾಕಿ ಎಷ್ಟು ಹೊತ್ತು ಕಲಕಿದರೂ ಸಕ್ಕರೆ ತಳದಲ್ಲೇ ಕೂತಿರುತ್ತದೆ. ಬಾಟಲಿಗಟ್ಟಲೆ ಸುರಿದರೂ ಎಫ್ ಕೀ ಬಿಡದಿರುವುದಕ್ಕೆ ಕಾರಣ ಇದೇ. ಜಿಡ್ಡು ಹೋಯಿತು, ಸಕ್ಕರೆ ಉಳಿಯಿತು!

ಉಳಿದದ್ದು ಯಾವುದು? ನೀರು! ನಾವೆಲ್ಲ ಕೀಬೋರ್ಡಿನ ಪರಮಶತ್ರು ಎಂದುಕೊಂಡಿರುವ ನೀರು!

ಒಂದು ಲೀಟರ್ ನೀರಿನಲ್ಲಿ ಎಷ್ಟು ಸಕ್ಕರೆ ಕರಗೀತು? ಕಾಲು ಕಿಲೋ? ಅರ್ಧ? ಒಂದು?

ಎರಡು ಕಿಲೋ! 20 ಡಿಗ್ರಿಯ ತಣ್ಣನೆಯ ನೀರಿನಲ್ಲೇ! ತನ್ನ ತೂಕದ ಎರಡು ಪಟ್ಟು ಸಕ್ಕರೆಯನ್ನು ನುಂಗಿ ನೀರು ಇನ್ನೂ ದ್ರವವಾಗಿಯೇ ಇರುತ್ತದೆ. ಕೀ ಕೆಳಗಿನ ಒಂದು ಹನಿಯ ಸಕ್ಕರೆ ಅದಕ್ಕೆ ಏನೇನೂ ಅಲ್ಲ. ಕೇಸೀನನ್ನು ಸೋಲಿಸಿದ್ದು ಯಾರು? ತೇವ! ನೆನಪಾಯಿತಲ್ಲ? ಹಾಲಿನೊಳಗಿನ ಲ್ಯಾಕ್ಟೋಸ್ ಸಕ್ಕರೆ ಮಾತ್ರ ಸ್ವಲ್ಪ ಹಟಮಾರಿ. ಅದೇ ನೀರಿನಲ್ಲಿ ಸುಮಾರು ಹತ್ತನೇ ಒಂದು ಪಾಲಷ್ಟೇ ಕರಗುತ್ತದೆ. ಆದ್ದರಿಂದ ನೀರು ಉಗುರುಬೆಚ್ಚಗಿರಲಿ, ಕೈಗೆ ಅವಸರ ಬೇಡ.

ಯಾವ ನೀರು? ಪೆಟ್ರೋಲ್ ಬಂಕಿಗೆ ಹೋಗಿ!

ತಾಳಿ, ನಲ್ಲಿಗೆ ಓಡಬೇಡಿ! ನಗರದ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಬರುವುದು ಗಡಸು ಬೋರ್ ನೀರು. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಕಾಯಿಲಿನ ಮೇಲೆ ಬಿಳಿ ಪೊರೆ ಕಟ್ಟುವುದನ್ನು ಕಂಡಿದ್ದೀರಲ್ಲ? ಆ ಲವಣಗಳು ಹಾಳೆಗಳ ನಡುವೆ ಉಳಿಯಬಾರದು.

ಬೇಕಾದದ್ದು ಬ್ಯಾಟರಿ ನೀರು! ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಎಚ್ಚರ, ಬ್ಯಾಟರಿ ಆಸಿಡ್ ಅಲ್ಲ, ಬ್ಯಾಟರಿ ನೀರು. ಹೆಸರು ಓದಿಯೇ ಕೊಳ್ಳಿ.

ಇನ್ನೊಂದು ಅಚ್ಚರಿ ಹೇಳಲೇ? ಅತಿ ಶುದ್ಧ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದೇ ಇಲ್ಲ! ಅದರ ರೋಧಕತೆ 1 ಕೋಟಿ 80 ಲಕ್ಷ ಓಮ್-ಸೆಂಟಿಮೀಟರ್ ದಾಟುತ್ತದೆ. ವಿದ್ಯುತ್ತಿಗೆ ದಾರಿ ಮಾಡಿಕೊಡುವುದು ನೀರಲ್ಲಿ ಕರಗಿದ ಲವಣ. ಚಾಯ್‌ನಲ್ಲಿ ಅದು ಬೇಕಾದಷ್ಟಿದೆ. ಆದ್ದರಿಂದಲೇ ಎಲ್ಲಕ್ಕಿಂತ ಮೊದಲ ಕೆಲಸ ಬೇರೆಯೇ ಇದೆ.

ಬೆಳ್ಳಿ ನಡೆಯುತ್ತದೆ!

ಚಾಯ್ ಚೆಲ್ಲಿದ ಕ್ಷಣ ಏನು ಮಾಡಬೇಕು? ಬಟ್ಟೆ ಹುಡುಕುವುದೇ?

ಪ್ಲಗ್ ಕೀಳಿ! ಲ್ಯಾಪ್‌ಟಾಪ್ ಆದರೆ ಕೂಡಲೇ ಆಫ್ ಮಾಡಿ, ಚಾರ್ಜರ್ ತೆಗೆದು ಬೋರಲು ಹಾಕಿ. ಬಟ್ಟೆ ಆಮೇಲೆ.

ಯಾಕಿಷ್ಟು ಅವಸರ? ಆ ಬೆಳ್ಳಿ ಗೆರೆಗಳಲ್ಲಿ ವೋಲ್ಟೇಜ್ ಇದೆ. ಗೆರೆಗಳ ನಡುವೆ ತೇವ ಸೇರಿತೋ, ಬೆಳ್ಳಿ ಎದ್ದು ನಡೆಯಲು ಶುರುಮಾಡುತ್ತದೆ! ಒಂದು ಗೆರೆಯ ಬೆಳ್ಳಿ ಅಯಾನಾಗಿ ಕರಗಿ, ಇನ್ನೊಂದು ಗೆರೆಗೆ ತೇಲಿಹೋಗಿ, ಅಲ್ಲಿ ಮತ್ತೆ ಲೋಹವಾಗಿ ಕೂರುತ್ತದೆ. ಕೂರುವುದೂ ಹೇಗೆ? ಕವಲೊಡೆದು, ಕೊಂಬೆಯ ಮೇಲೆ ಕೊಂಬೆ ಬೆಳೆದು! ಸೂಕ್ಷ್ಮದರ್ಶಕದಲ್ಲಿ ಕಾಣುವುದು ಬೆಳ್ಳಿಯ ಪುಟ್ಟ ಕಾಡು. ಅಮೆರಿಕದ ಬೆಲ್ ಪ್ರಯೋಗಾಲಯದವರು 1950ರ ದಶಕದಲ್ಲೇ ಈ ಬೆಳ್ಳಿಯ ವಲಸೆಯ ಬಗ್ಗೆ ಬರೆದಿದ್ದಾರೆ.

ಎಷ್ಟು ಸುಂದರ! ಎಷ್ಟು ಅಪಾಯ! ಒಂದು ಕೊಂಬೆ ಆಚೆ ಗೆರೆ ಮುಟ್ಟಿದರೆ, ನೀವು ಒತ್ತದ ಅಕ್ಷರ ತಾನೇ ಮೂಡುತ್ತದೆ! ವಿದ್ಯುತ್ ನಿಂತರೆ ಈ ನಡಿಗೆಯೂ ನಿಲ್ಲುತ್ತದೆ. ಅದಕ್ಕೇ ಪ್ಲಗ್ ಮೊದಲು!

ಬನ್ನಿ, ಬಿಚ್ಚೋಣ

ಮೇಜಿನ ಮೇಲಿನ ಸಾಧಾರಣ ಕೀಬೋರ್ಡಾದರೆ ಸಂಭ್ರಮವೋ ಸಂಭ್ರಮ! ಮೊದಲು ಫೋನಿನಲ್ಲಿ ಒಂದು ಫೋಟೊ. 104 ಕೀಗಳ ಜಾಗ ನೆನಪಿದೆ ಎಂದು ನಂಬಿ ಕೆಡಬೇಡಿ! ಬೋರಲು ಮಾಡಿ ಮೆಲ್ಲಗೆ ತಟ್ಟಿ. ಒಸ್ಮಾನಿಯಾ ಬಿಸ್ಕತ್ತಿನ ಪುಡಿ, ಕೂದಲು, ಧೂಳು, ಎಲ್ಲ ಉದುರಲಿ. ಆಮೇಲೆ ಹಿಂಬದಿಯ ಸ್ಕ್ರೂಗಳು. ಒಂದು ಕಾಣದಿದ್ದರೆ ಸ್ಟಿಕ್ಕರಿನ ಕೆಳಗೆ ಬೆರಳಾಡಿಸಿ. ಅಲ್ಲೇ ಅಡಗಿರುತ್ತದೆ!

ಮೇಲ್ಭಾಗದಲ್ಲಿ ಬರೀ ಪ್ಲಾಸ್ಟಿಕ್ ಇದ್ದರೆ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಧೈರ್ಯವಾಗಿ ತೊಳೆಯಿರಿ. ಸೋಪು ಕೊಬ್ಬನ್ನೂ ಕೇಸೀನನ್ನೂ ಎತ್ತಿಹಾಕುತ್ತದೆ. ಹಾಳೆಗಳನ್ನು ಬ್ಯಾಟರಿ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಉಜ್ಜಬೇಡಿ! ಅದು ಮುದ್ರಿಸಿದ ಬೆಳ್ಳಿ. ಹಾಳೆಗಳು ಒಂದಕ್ಕೊಂದು ಅಂಟಿಸಿದಂತಿದ್ದರೆ ಎಳೆಯಲೂಬೇಡಿ. ಚಿಪ್ ಇರುವ ಪುಟ್ಟ ಬೋರ್ಡನ್ನು ನೀರಿನಿಂದ ದೂರವಿಡಿ.

ಕೊನೆಗೆ ಐಪಿಎ! ಈಗ ಅದರ ಸರದಿ. ನೀರಿನ ಜೊತೆ ಎಷ್ಟು ಬೇಕಾದರೂ ಬೆರೆಯುತ್ತದೆ, ಮೂಲೆಯ ತೇವವನ್ನು ಎಳೆದುಕೊಂಡು ಹಾರಿಹೋಗುತ್ತದೆ. ಮೊದಲು ನೀರು, ಆಮೇಲೆ ಐಪಿಎ. ಕ್ರಮ ತಪ್ಪಿದರೆ ಗುಟ್ಟೇ ತಪ್ಪಿತು!

ಒಂದು ಎಚ್ಚರಿಕೆ. ಐಪಿಎಯ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಹೈದರಾಬಾದಿನಲ್ಲಿ ಬಹುಪಾಲು ವರ್ಷ ಗಾಳಿ ಅದಕ್ಕಿಂತ ಬೆಚ್ಚಗೇ ಇರುತ್ತದೆ! ದೀಪ, ಊದಿನಕಡ್ಡಿ, ಗ್ಯಾಸ್ ಒಲೆ ಯಾವುದೂ ಹತ್ತಿರ ಬೇಡ. ಕಿಟಕಿ ತೆರೆದಿರಲಿ.

ದುಬಾರಿ ಮೆಕ್ಯಾನಿಕಲ್ ಕೀಬೋರ್ಡೇ? ಅದರ ಕಥೆಯೇ ಬೇರೆ! ಹಲವು ಚೆರ್ರಿ ಎಂಎಕ್ಸ್ ಸ್ವಿಚ್ಚುಗಳಿಗೆ ತಯಾರಕರು ಹೇಳುವ ಆಯಸ್ಸು 10 ಕೋಟಿ ಒತ್ತು. ಸೆಕೆಂಡಿಗೊಂದರಂತೆ ಹಗಲೂ ರಾತ್ರಿ ಒತ್ತಿದರೂ ಮುಗಿಯಲು ಮೂರು ವರ್ಷ ದಾಟಬೇಕು! ಅಂಥದ್ದೂ ಒಂದು ಹನಿ ಚಾಯ್‌ಗೆ ತಡವರಿಸುತ್ತದೆ. ಕೀ ಟೋಪಿ ಕಿತ್ತು, ಎರಡು ಹನಿ ಬ್ಯಾಟರಿ ನೀರು ಬಿಟ್ಟು, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿ. ಹೀರಿ ತೆಗೆಯಿರಿ. ಮತ್ತೊಮ್ಮೆ ಹಾಗೇ. ಕಡೆಗೆ ಐಪಿಎ.

ಲ್ಯಾಪ್‌ಟಾಪಿಗೆ ಮಾತ್ರ ನೀರು ಸುರಿಯುವಂತಿಲ್ಲ! ಕೀಬೋರ್ಡಿನ ಕೆಳಗೇ ಮದರ್‌ಬೋರ್ಡು, ಬ್ಯಾಟರಿ. ಆಫ್ ಮಾಡಿ, ಇಯರ್ ಬಡ್ಸನ್ನು ಬ್ಯಾಟರಿ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕೀ ಅಂಚಿನ ಸುತ್ತ ಆಡಿಸುತ್ತ ಕೀಯನ್ನು ಒತ್ತುತ್ತ ಹೋಗಿ. ಬಡ್ಸಿನ ತುದಿ ಕಂದು ಬಣ್ಣಕ್ಕೆ ತಿರುಗಿತೇ? ಹಳೇ ಚಾಯ್ ಹೊರಬರುತ್ತಿದೆ! ಒಂದಿಡೀ ಲೋಟ ಒಳಗಿಳಿದಿದ್ದರೆ ಈ ಆಟ ಬೇಡ. ಆನ್ ಮಾಡದೆ ರಿಪೇರಿಯವರ ಕೈಗೆ ಕೊಡಿ.

ಒಣಗಿಸಲು ಫ್ಯಾನ್ ಗಾಳಿ, ಒಂದೆರಡು ದಿನ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ! ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅದರ ಪುಡಿಯೇ ಒಳಸೇರಿ ಕೆಡಿಸೀತು ಎಂದು ಸ್ವತಃ ಆಪಲ್ ಹೇಳಿದೆ.

ಗಾಳಿಯಲ್ಲದ ಗಾಳಿ, ಪಲ್ಯವಾಗದ ಗೋರಿಕಾಯಿ

ಡಬ್ಬಿಯಲ್ಲಿ ಸಿಗುವ ‘ಕಂಪ್ರೆಸ್ಡ್ ಏರ್’ ನೋಡಿದ್ದೀರಾ? ಅದರೊಳಗೆ ಏನಿದೆ? ಗಾಳಿ?

ಹೆಚ್ಚಿನವುಗಳಲ್ಲಿ ಗಾಳಿಯೇ ಇಲ್ಲ! ಇರುವುದು ದ್ರವರೂಪದ ಫ್ಲೋರೊಕಾರ್ಬನ್ ಅನಿಲ. ಕುದಿಯುವುದು ಮೈನಸ್ 25 ಡಿಗ್ರಿಯ ಆಸುಪಾಸಿನಲ್ಲಿ! ಡಬ್ಬಿ ಬೋರಲಾದರೆ ಕೊರೆಯುವ ದ್ರವವೇ ಚಿಮ್ಮಿ ಬೆರಳು ಸುಟ್ಟೀತು. ನಮ್ಮ ರಿಪೇರಿ ಅಂಗಡಿಗಳ ಸಾದಾ ಬ್ಲೋವರ್ ಎಷ್ಟೋ ಮೇಲು.

ಇನ್ನು ಹಸಿರು, ನೀಲಿ ಬಣ್ಣದ ಆ ಲೋಳೆ! ಕೀಗಳ ಮೇಲೆ ಒತ್ತಿ ಎಳೆದರೆ ಧೂಳು ಎತ್ತಿಕೊಂಡು ಬರುತ್ತದಲ್ಲ, ಅದು ಯಾವುದರಿಂದ ಆಗಿದೆ? ಹೊಳೆಯಲಿಲ್ಲವೇ?

ಗೋರಿಕಾಯಿ! ನೀವು ಪಲ್ಯ ಮಾಡುವ, ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುವ, ಇಲ್ಲಿಯ ಸಂತೆಯಲ್ಲಿ ಗೋರುಚಿಕ್ಕುಡು ಎಂದು ಕೂಗುವ ಅದೇ ಕಾಯಿ! ಅದರ ಬೀಜದ ಗೌರ್ ಗಮ್ಮೇ ಇಂಥ ಎಷ್ಟೋ ಲೋಳೆಗಳ ಮೈ. ಜಗತ್ತಿನ ಗೌರ್ ಬೆಳೆಯಲ್ಲಿ ಸುಮಾರು 80% ಭಾರತದ್ದು! ಧೂಳಿಗೆ ಇದು ಸೊಗಸು. ಆದರೆ ಸಕ್ಕರೆಯ ಅಂಟಿಗೆ ಉಪಯೋಗವಿಲ್ಲ. ಕೀ ಕೆಳಗಿನ ಗಾಜಿನವರೆಗೆ ಅದು ತಲುಪುವುದೇ ಇಲ್ಲ.

ಉಗುರುಬಣ್ಣ ತೆಗೆಯುವ ದ್ರವ? ಮುಟ್ಟಲೇಬೇಡಿ! ಅದರಲ್ಲಿ ಹೆಚ್ಚಾಗಿ ಅಸಿಟೋನ್ ಇರುತ್ತದೆ. ಬಹಳಷ್ಟು ಕೀಗಳು ಎಬಿಎಸ್ ಪ್ಲಾಸ್ಟಿಕ್ಕಿನವು. ಅಸಿಟೋನಿನಲ್ಲಿ ಎಬಿಎಸ್ ಕರಗುತ್ತದೆ. ಕೊಳೆ ಅಲ್ಲ, ಕೀಯೇ ಕರಗುತ್ತದೆ!

ಕೊಳೆಯೇ ಇಲ್ಲದೆ ಕೆಟ್ಟ ಕೀಬೋರ್ಡ್!

ಕೀ ಚೆನ್ನಾಗಿ ಏಳುತ್ತದೆ, ಬೀಳುತ್ತದೆ. ಅಕ್ಷರ ಮಾತ್ರ ಮೂಡುತ್ತಿಲ್ಲ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಇದನ್ನು ಓದಿ!

ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿಹಿಡಿದರೆ ‘ಫಿಲ್ಟರ್ ಕೀಸ್’ ಎಂಬ ಸೌಲಭ್ಯ ಎಚ್ಚರಗೊಳ್ಳುತ್ತದೆ. ಆಗ ಚುರುಕಾಗಿ ಒತ್ತಿದ್ದನ್ನು ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು! ಕೈ ನಡುಗುವವರಿಗೆ ತಪ್ಪು ಅಕ್ಷರ ಬೀಳದಿರಲಿ ಎಂದು ಮಾಡಿದ ಅಕ್ಕರೆಯ ಏರ್ಪಾಡು ಅದು. ಶಿಫ್ಟನ್ನು 5 ಸಲ ಒತ್ತಿದರೆ ‘ಸ್ಟಿಕಿ ಕೀಸ್’. ಎರಡು ಮೂರು ಕೀ ಒಟ್ಟಿಗೆ ಒತ್ತಲಾಗದವರು ಒಂದೊಂದಾಗಿ ಒತ್ತಿದರೂ ಸಾಕು! ನಿಮ್ಮ ಶಿಫ್ಟ್ ಕೀ ಕೆಳಗೇ ಚಾಯ್ ಅಂಟಿದ್ದರೆ? ಅದು ತಾನೇ ಒತ್ತಿಕೊಂಡು ಇವನ್ನು ಎಬ್ಬಿಸಬಹುದು. ಮೊದಲು ಸೆಟ್ಟಿಂಗ್ಸ್ ನೋಡಿ, ಆಮೇಲೆ ಸ್ಕ್ರೂ.

ಒಂದೇ ಒಂದು ಧೂಳಿನ ಕಣಕ್ಕೆ ಜಗತ್ತೇ ತಲೆಕೆಡಿಸಿಕೊಂಡದ್ದೂ ಉಂಟು! ಆಪಲ್ 2015ರಲ್ಲಿ ‘ಬಟರ್‌ಫ್ಲೈ’ ಕೀಬೋರ್ಡ್ ತಂದಿತು. ಕೀ ಇಳಿಯುತ್ತಿದ್ದದ್ದು ಸುಮಾರು ಅರ್ಧ ಮಿಲಿಮೀಟರ್! ಕಣವೊಂದು ಸೇರಿದರೆ ಕೀ ಸಿಕ್ಕಿಕೊಳ್ಳುತ್ತಿತ್ತು. ಕಂಪನಿ ಕೊಟ್ಟ ಸೂಚನೆ ಏನು ಗೊತ್ತೇ? ಲ್ಯಾಪ್‌ಟಾಪನ್ನು 75 ಡಿಗ್ರಿ ಕೋನದಲ್ಲಿ ಹಿಡಿದು ಗಾಳಿ ಊದಿ! 2018ರಲ್ಲಿ ಉಚಿತ ರಿಪೇರಿ ಯೋಜನೆ ಬಂತು. 2022ರಲ್ಲಿ ಗ್ರಾಹಕರ ದಾವೆ ರಾಜಿಯಾಯಿತು. ಮೊತ್ತ? 5 ಕೋಟಿ ಡಾಲರ್!

ಕೀಬೋರ್ಡಿಗೆ ನಿಮ್ಮ ಗುರುತಿದೆ

ಇನ್ನೊಂದು ಊಹೆ. ಚದರ ಇಂಚಿಗೆ ಹೆಚ್ಚು ಬ್ಯಾಕ್ಟೀರಿಯಾ ಎಲ್ಲಿ? ಕಚೇರಿಯ ಟಾಯ್ಲೆಟ್ ಸೀಟಿನ ಮೇಲೋ, ಕೀಬೋರ್ಡಿನ ಮೇಲೋ?

ಅರಿಜೋನಾ ವಿಶ್ವವಿದ್ಯಾಲಯದ ಚಾರ್ಲ್ಸ್ ಗರ್ಬಾ 2002ರಲ್ಲಿ ಎಣಿಸಿ ನೋಡಿದರು. ಟಾಯ್ಲೆಟ್ ಸೀಟಿನಲ್ಲಿ ಸರಾಸರಿ 49. ಕೀಬೋರ್ಡಿನಲ್ಲಿ?

3,295!

ಹೆದರಬೇಡಿ, ಅವುಗಳಲ್ಲಿ ಬಹುಪಾಲು ನಿಮ್ಮದೇ ಚರ್ಮದ ನಿರುಪದ್ರವಿ ವಾಸಿಗಳು. ಎಷ್ಟು ನಿಮ್ಮವೆಂದರೆ, 2010ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ನೋವಾ ಫಿಯರರ್ ತಂಡ ಒಂದೊಂದು ಕೀ ಮೇಲಿನ ಬ್ಯಾಕ್ಟೀರಿಯಾ ಒರೆಸಿ ತೆಗೆದು, ಅದು ಯಾರ ಬೆರಳಿನದೆಂದು ಹೊಂದಿಸಿ ತೋರಿಸಿತು! ಕೀಬೋರ್ಡ್ ನಿಮ್ಮನ್ನು ಗುರುತು ಹಿಡಿಯುತ್ತದೆ!

ಅವನ್ನು ತೊಡೆಯಲು 100% ಆಲ್ಕೊಹಾಲ್ ಮೇಲೋ, 70% ಮೇಲೋ? 70%! ಪ್ರೋಟೀನು ಕೆಡಿಸಲು ಆಲ್ಕೊಹಾಲಿಗೆ ಜೊತೆಗಾರ ಬೇಕು. ಆ ಜೊತೆಗಾರ ಯಾರು? ನೀರು! ಇಲ್ಲೂ ನೀರೇ! ಸಕ್ಕರೆ ಕರಗಿಸಲು ನೀರು, ಕೇಸೀನ್ ಸಡಿಲಿಸಲು ನೀರು, ಕ್ರಿಮಿ ಕೊಲ್ಲಲೂ ನೀರಿನ ಪಾಲು. ನಾವು ಇಷ್ಟು ದಿನ ಹೆದರಿದ್ದು ಯಾರಿಗೆ!

ಕೊನೆಯ ಸವಾಲು

ಇಷ್ಟೆಲ್ಲ ಮಾಡಿದ ಮೇಲೂ ಕೀ ಏಳಲಿಲ್ಲವೇ? ಸಿಕಂದರಾಬಾದಿನ ಪಾರ್ಕ್‌ಲೇನಿಗೆ ಹೋಗಿ. ಊರೆಲ್ಲ ಸಿಟಿಸಿ ಎನ್ನುವ ಚಿನಾಯ್ ಟ್ರೇಡ್ ಸೆಂಟರಿನ ಕಂಪ್ಯೂಟರ್ ಅಂಗಡಿಗಳ ಸಾಲು ಅಲ್ಲಿದೆ. ಅಥವಾ ಕೋಠಿಯ ಗುಜರಾತಿ ಗಲ್ಲಿ. ಲ್ಯಾಪ್‌ಟಾಪಿನ ಕೀಬೋರ್ಡ್ ಭಾಗವನ್ನಷ್ಟೇ ಬದಲಾಯಿಸಿಕೊಡುವ ಕೈಗಳು ಇಂಥ ಮಾರುಕಟ್ಟೆಗಳಲ್ಲಿವೆ. ಒಂದೇ ಕೀಯ ಟೋಪಿ ಹುಡುಕಿ ಕೊಡುವವರೂ ಸಿಗಬಹುದು, ಕೇಳಿ ನೋಡಿ!

ಆದರೆ ಅದು ಕೊನೆಯ ದಾರಿ. ಮೊದಲು ನೀವೇ ಕೈಹಚ್ಚಿ. ಪ್ಲಗ್ ಕಿತ್ತಿರಾ? ಬ್ಯಾಟರಿ ನೀರು ತಂದಿರಾ? ಫೋಟೊ ತೆಗೆದಿರಾ? ಸಕ್ಕರೆಗೆ ನೀರು, ಕೊಬ್ಬಿಗೂ ಕೇಸೀನಿಗೂ ಸೋಪು, ತೇವಕ್ಕೆ ಐಪಿಎ. ಮೂರು ಮದ್ದು, ಇಷ್ಟೇ ಮಂತ್ರ!

ಪಕ್ಕದ ಮನೆಯವರಿಗೂ ಹೇಳಿ. ಕಚೇರಿಯ ಗೆಳೆಯರಿಗೂ ಹೇಳಿ. ‘ಕೀ ಹೋಯಿತು, ಹೊಸ ಕೀಬೋರ್ಡ್ ತಗೊಂಡೆ’ ಎಂದವರನ್ನು ಅಲ್ಲೇ ತಡೆದು ನಿಲ್ಲಿಸಿ! ಅಂಟಿದ ಒಂದೇ ಒಂದು ಕೀಗಾಗಿ ಚೆನ್ನಾಗಿರುವ 103 ಕೀಗಳನ್ನು ಕಸದ ಬುಟ್ಟಿಗೆ ಎಸೆಯಬೇಡಿ!